ಎರಡು ನದಿಗಳ ನಾಡಿನಲ್ಲಿ ಬಿಡಾರ

ಅಂಗದ ಮೇಲೆ ಲಿಂಗವನ್ನು ಧರಿಸಿದ ಭಕ್ತನಿಗೆ ಪೂಜೆಗಾಗಿ ಇಂಥದೇ ಸ್ಥಳವೆಂಬ ನಿರ್ಬಂಧವಿಲ್ಲ. ಶುಚಿಯಾದ ನೆಲ, ಒಂದು ತಂಬಿಗೆ ನೀರು, ಒಂದಿಷ್ಟು ವಿಭೂತಿ ಇದ್ದರೆ ಮರದ ನೆರಳೂ ಮನೆಯ ಜಗುಲಿಯೂ ಅವನಿಗೆ ಸಮಾನ. ಈ ಕಾರಣದಿಂದಲೇ ನಮ್ಮ ಚರಜಂಗಮರು ಜೋಳಿಗೆಯೊಂದನ್ನು ಹೆಗಲಿಗೇರಿಸಿಕೊಂಡು ಊರಿಂದೂರಿಗೆ ಸಂಚರಿಸಲು ಸಾಧ್ಯವಾಯಿತು. ಗೃಹಸ್ಥರೂ ಇದಕ್ಕೆ ಹೊರತಾಗಿರಲಿಲ್ಲ. ಬಂಡಿ ಕಟ್ಟಿಕೊಂಡು ಜಾತ್ರೆಗೆ ಹೋಗುವುದು, ತೋಪಿನಲ್ಲಿ ಬಿಡಾರ ಹೂಡುವುದು, ಮೂರು ಕಲ್ಲಿನ ಒಲೆಯ ಮೇಲೆ ಅನ್ನ ಬೇಯಿಸಿ ನಕ್ಷತ್ರಗಳ ಕೆಳಗೆ ಮಲಗುವುದು, ಇವೆಲ್ಲ ನಮ್ಮ ಹಿರಿಯರಿಗೆ ಸಹಜವಾಗಿದ್ದವು. ಇಂದು ‘ಕ್ಯಾಂಪಿಂಗ್’ ಎಂಬ ಹೆಸರಿನಲ್ಲಿ ಸಾವಿರಾರು ರೂಪಾಯಿ ತೆತ್ತು ಪಡೆಯುತ್ತಿರುವ ಸುಖವೂ ಹೆಚ್ಚುಕಡಿಮೆ ಅದೇ.

ಆದರೆ ಇಂದಿನ ಮಧ್ಯಮವರ್ಗದ ಮನೆಗಳಲ್ಲಿ ಹೊರಗೆ ಒಂದು ರಾತ್ರಿ ತಂಗುವ ಮಾತೆತ್ತಿದರೆ ಎರಡು ಅಳುಕುಗಳು ಏಳುತ್ತವೆ. ಮೊದಲನೆಯದು ಖರ್ಚಿನದು. ಎರಡನೆಯದನ್ನು ಗೃಹಿಣಿಯರು ಬಾಯಿಬಿಟ್ಟು ಹೇಳುವುದಿಲ್ಲ. ಗಂಡಸರೂ ಮಕ್ಕಳೂ ನೀರಿನಲ್ಲಿ ಆಡುತ್ತಿರುವಾಗ ಮನೆಯೊಡತಿಯು ಹೊಳೆಯ ದಡದಲ್ಲಿ ಹೊಗೆಗೆ ಕಣ್ಣೊರೆಸಿಕೊಳ್ಳುತ್ತ ಅದೇ ಅಡುಗೆಯನ್ನು ಇನ್ನಷ್ಟು ಕಷ್ಟಪಟ್ಟು ಮಾಡುವುದಾದರೆ, ಆಕೆಯ ಪಾಲಿಗೆ ಅದು ಪ್ರವಾಸವಲ್ಲ. ಅಡುಗೆಮನೆಯ ಸ್ಥಳಾಂತರ ಮಾತ್ರ. ಈ ಎರಡು ಅಳುಕುಗಳನ್ನೂ ಕಳೆಯುವ ಕೆಲವು ಸುಲಭೋಪಾಯಗಳನ್ನು ಶಿವಮೊಗ್ಗ ಮತ್ತು ಭದ್ರಾವತಿಯ ಸುತ್ತಲಿನ ಸ್ಥಳಗಳ ಪರಿಚಯದೊಂದಿಗೆ ಇಲ್ಲಿ ನಿವೇದಿಸಿದೆ.

ಎಲ್ಲಿಗೆ ಹೋಗಬಹುದು?

ವರಾಹ ಪರ್ವತದ ಗಂಗಾಮೂಲದಲ್ಲಿ ತುಂಗೆ, ಭದ್ರೆಯರಿಬ್ಬರೂ ಹುಟ್ಟುತ್ತಾರೆ. ತುಂಗೆಯು ಶೃಂಗೇರಿ, ತೀರ್ಥಹಳ್ಳಿಗಳನ್ನು ಹಾದು ಶಿವಮೊಗ್ಗಕ್ಕೆ ಬರುತ್ತಾಳೆ. ಭದ್ರೆಯು ಕಳಸ, ಬಾಳೆಹೊನ್ನೂರುಗಳನ್ನು ಹಾದು, ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ನಿಂತು, ಹಿಂದೆ ಬೆಂಕಿಪುರವೆನಿಸಿಕೊಂಡಿದ್ದ ಭದ್ರಾವತಿಗೆ ಇಳಿಯುತ್ತಾಳೆ. ಶಿವಮೊಗ್ಗದಿಂದ ಸುಮಾರು 15 ಕಿ.ಮೀ. ದೂರದ ಕೂಡ್ಲಿಯಲ್ಲಿ ಇಬ್ಬರೂ ಸೇರಿ ತುಂಗಭದ್ರೆಯಾಗುತ್ತಾರೆ. ಮೊದಲ ಬಾರಿಗೆ ಹೊರಡುವ ಕುಟುಂಬಕ್ಕೆ ಕೂಡ್ಲಿಯೇ ತಕ್ಕ ಸ್ಥಳ. ಬೆಳಿಗ್ಗೆ ಹೋಗಿ, ಸಂಗಮವನ್ನೂ ಪ್ರಾಚೀನ ದೇವಾಲಯಗಳನ್ನೂ ಕಂಡು, ಬುತ್ತಿ ಬಿಚ್ಚಿ ಉಂಡು, ಸಂಜೆಗೆ ಮರಳಬಹುದು. ಒಂದು ದಿನದ ಇಂತಹ ಅಭ್ಯಾಸದಿಂದ ಯಾವ ವಸ್ತು ಬೇಕಾಯಿತು, ಯಾವುದು ವ್ಯರ್ಥವಾಗಿ ಹೆಗಲಿಗೆ ಭಾರವಾಯಿತು ಎಂಬುದು ತಿಳಿಯುತ್ತದೆ. ರಾತ್ರಿ ತಂಗುವ ವಿಚಾರ ಆಮೇಲಿನದು.

ತೀರ್ಥಹಳ್ಳಿಯ ದಾರಿಯಲ್ಲಿ ಗಾಜನೂರಿನ ತುಂಗಾ ಅಣೆಕಟ್ಟೆ, ಅದರ ಸಮೀಪದಲ್ಲೇ ಸಕ್ರೆಬೈಲಿನ ಆನೆ ಬಿಡಾರ, ಇನ್ನೂ ಮುಂದೆ ಮಂಡಗದ್ದೆಯ ಪಕ್ಷಿಧಾಮ ಇವೆ. ಸಕ್ರೆಬೈಲಿನಲ್ಲಿ ಬೆಳಗಿನ ಹೊತ್ತು ಆನೆಗಳು ಹಿನ್ನೀರಿನಲ್ಲಿ ಮೀಯುವುದನ್ನು ಕಂಡ ಮಕ್ಕಳು ಅದನ್ನು ಬಹುಕಾಲ ಮರೆಯಲಾರರು. ಮಂಡಗದ್ದೆಯ ನಡುಗಡ್ಡೆಯ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಮೊದಲಾದ ಹಕ್ಕಿಗಳು ಗೂಡು ಕಟ್ಟುತ್ತವೆ. ಭದ್ರಾವತಿಯವರಿಗೆ 1965ರಲ್ಲಿ ಪೂರ್ಣಗೊಂಡ ಭದ್ರಾ ಅಣೆಕಟ್ಟೆಯೂ ಅದರ ಕೆಳಗಿನ ಬಿ.ಆರ್.ಪಿ.ಯೂ ಹತ್ತಿರ. ಊರೊಳಗೇ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿದೆ.

ಶರಣರ ಸ್ಮರಣೆಯೊಂದಿಗೆ ಹೊರಡುವವರು ಶಿಕಾರಿಪುರ ತಾಲ್ಲೂಕಿನ ಕಡೆಗೆ ತಿರುಗಬೇಕು. ಅಲ್ಲಿಯ ಉಡುತಡಿಯು ಅಕ್ಕಮಹಾದೇವಿಯ ಜನ್ಮಸ್ಥಳ. ಬಳ್ಳಿಗಾವಿಯು ಅಲ್ಲಮಪ್ರಭುಗಳ ಊರು. ಬಳ್ಳಿಗಾವಿಯ ಕೇದಾರೇಶ್ವರ, ತ್ರಿಪುರಾಂತಕ ದೇವಾಲಯಗಳು ಅಂದಿನ ವೈಭವಕ್ಕೆ ಇಂದಿಗೂ ಸಾಕ್ಷಿಯಾಗಿವೆ. ಅಕ್ಕ ಈ ನೆಲದಿಂದ ಹೊರಟು ಕಲ್ಯಾಣವನ್ನು ಸೇರಿ, ಅಲ್ಲಿಂದ ಶ್ರೀಶೈಲಕ್ಕೆ ನಡೆದದ್ದು ಯಾವ ಗಂಟುಮೂಟೆಯೂ ಇಲ್ಲದೆ ಎಂಬುದನ್ನು ಮಕ್ಕಳಿಗೆ ಅಲ್ಲಿಯೇ ನಿಂತು ಹೇಳಿದರೆ, ಪುಸ್ತಕದಲ್ಲಿ ಓದಿದ್ದಕ್ಕಿಂತ ಆಳವಾಗಿ ನಾಟುತ್ತದೆ.

ಖರ್ಚಿನ ದೃಷ್ಟಿಯಿಂದ ಬಸ್ಸು ಉತ್ತಮ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಂತೆ ನಾಡಿನ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣದ ಸೌಲಭ್ಯ ದೊರೆಯಿತು. ಗುರುತಿನ ಚೀಟಿಯನ್ನು ಮರೆಯದಿದ್ದರೆ ಸಾಕು. ಆದರೆ ಮಲೆನಾಡಿನ ಕೆಲವು ದಾರಿಗಳಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾದ್ದರಿಂದ ಮುಂಚಿತವಾಗಿ ವಿಚಾರಿಸಿಕೊಳ್ಳುವುದು ಲೇಸು.

ಎಷ್ಟು ಹೊರಬೇಕು?

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮರಳಿ ಸುರಿದು ಬರುವಂತೆ ಹೇಳಿ ಕಳಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಪ್ರವಾಸಕ್ಕೆ ಗಂಟು ಕಟ್ಟುವಾಗ ಈ ತಾಯಿಯನ್ನು ನೆನೆಯಬೇಕು. ಹೊರಡುವ ಹಿಂದಿನ ದಿನ ವಸ್ತುಗಳನ್ನೆಲ್ಲ ಒಂದು ಜಮಖಾನದ ಮೇಲೆ ಹರಡಿ, ‘ಇರಲಿ’ ಎಂಬ ಒಂದೇ ಕಾರಣಕ್ಕೆ ಅಲ್ಲಿಗೆ ಬಂದವನ್ನು ತೆಗೆದಿಡಬೇಕು. ಉಳಿದವುಗಳ ಪಟ್ಟಿಯನ್ನು ಬರೆದು ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದರೆ, ಹಿಂತಿರುಗುವಾಗ ಚಮಚೆ ಬಟ್ಟಲುಗಳನ್ನು ಬಿಟ್ಟು ಬರುವ ಪ್ರಮೇಯ ಒದಗದು. ಮುಂದಿನ ಪ್ರವಾಸಕ್ಕೂ ಅದೇ ಪಟ್ಟಿ ಒದಗುತ್ತದೆ.

ನೆಲದ ಹಾಸಿಗೆ ಹಣ ವೆಚ್ಚ ಮಾಡಬೇಕಾದ್ದಿಲ್ಲ. ಅಕ್ಕಿ, ಸಕ್ಕರೆ ಬರುವ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ, ತೊಳೆದು, ದಬ್ಬಣದಿಂದ ಒಂದಕ್ಕೊಂದು ಹೊಲಿದರೆ ನೆಲದ ತೇವ ಮೇಲೇರದಂತೆ ತಡೆಯುವ ಹಾಸು ಸಿದ್ಧ. ಅದರ ಮೇಲೆ ಹಳೆಯ ಕಂಬಳಿ ಅಥವಾ ಕೌದಿ ಹಾಸಿದರೆ ವೃದ್ಧರಿಗೂ ಬೆಚ್ಚಗಿರುತ್ತದೆ. ಮೇಲ್ಮರೆಗೆ ಅಡಿಕೆ ಒಣಗಿಸುವವರ ಮನೆಯಲ್ಲಿರುವ ಟಾರ್ಪಾಲು ಸಾಕು. ಹಗ್ಗ ಕಟ್ಟುವ ಕಣ್ಣು ಹರಿದಿದ್ದರೆ ಚಿಂತೆಯಿಲ್ಲ: ಆ ಮೂಲೆಯಲ್ಲಿ ನಿಂಬೆಗಾತ್ರದ ದುಂಡು ಕಲ್ಲೊಂದನ್ನಿಟ್ಟು, ಬಟ್ಟೆಯನ್ನು ಅದರ ಸುತ್ತ ಮಡಚಿ, ಕಲ್ಲಿನ ಹಿಂದೆ ಹಗ್ಗ ಬಿಗಿದರೆ ಎಷ್ಟು ಎಳೆದರೂ ಜಾರದು.

ಬೆಳಕಿಗಾಗಿ ವಿಶೇಷ ದೀಪ ಕೊಳ್ಳುವುದೂ ಅನಾವಶ್ಯಕ. ಐದು ಲೀಟರಿನ ಬಿಳಿಯ ನೀರಿನ ಕ್ಯಾನಿಗೆ ಟಾರ್ಚನ್ನು ಒತ್ತಿಟ್ಟರೆ ಬೆಳಕು ನೀರಿನಲ್ಲಿ ಹರಡಿ, ಕಣ್ಣು ಕುಕ್ಕದೆ ಇಡೀ ಬಿಡಾರಕ್ಕೆ ಸಾಲುತ್ತದೆ. ಟಾರ್ಪಾಲು, ಸೀಮೆಎಣ್ಣೆ ಅಥವಾ ಗ್ಯಾಸಿನ ಸಣ್ಣ ಒಲೆ, ದೊಡ್ಡ ಪಾತ್ರೆ ಇಂಥವನ್ನು ನಾಲ್ಕಾರು ಮನೆಯವರು ಕೂಡಿ ಒಮ್ಮೆ ಕೊಂಡು, ಸರದಿಯಂತೆ ಬಳಸುವುದು ಎಲ್ಲಕ್ಕಿಂತ ಮಿಗಿಲಾದ ಉಳಿತಾಯ.

ಬುತ್ತಿಯ ಜಾಣ್ಮೆ

ಅಡುಗೆಯ ಹೆಚ್ಚಿನ ಕೆಲಸವನ್ನು ಮನೆಯಲ್ಲೇ ಮುಗಿಸಿ ಹೊರಡುವುದು ಜಾಣತನ. ರವೆಯನ್ನು ಒಗ್ಗರಣೆಯೊಂದಿಗೆ ಹದವಾಗಿ ಹುರಿದು, ಉಪ್ಪು ಬೆರೆಸಿ, ಆರಿದ ಮೇಲೆ ಡಬ್ಬಿಗೆ ತುಂಬಿಕೊಂಡರೆ ಬಿಡಾರದಲ್ಲಿ ಕುದಿಯುವ ನೀರಿಗೆ ಹಾಕಿದ ಕೆಲವೇ ನಿಮಿಷಗಳಲ್ಲಿ ಉಪ್ಪಿಟ್ಟು ಸಿದ್ಧ. ಅರ್ಧ ಕಿಲೋ ರವೆ ಐದಾರು ಮಂದಿಗೆ ಸಾಕು. ಒಂದು ಅಳತೆ ರವೆಗೆ ಎರಡೂವರೆಯಿಂದ ಮೂರು ಅಳತೆ ನೀರು. ಅವಲಕ್ಕಿಗೆ ಬೆಂಕಿಯೇ ಬೇಡ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುಳಿಯನ್ನದ ಗೊಜ್ಜು, ತಂಬಿಟ್ಟು ಇವು ದಾರಿಯಲ್ಲಿ ಕೆಡುವಂಥವಲ್ಲ.

ಮೊಸರನ್ನು ಹೊತ್ತೊಯ್ದು ಹುಳಿಯಾಗಿಸುವ ಬದಲು, ಬೆಳಿಗ್ಗೆ ಹೊರಡುವಾಗ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಭದ್ರವಾದ ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿ, ದಪ್ಪ ಟವೆಲಿನಲ್ಲಿ ಸುತ್ತಿಡಬೇಕು. ಬೇಸಿಗೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ತಾಜಾ ಮೊಸರು ದೊರೆಯುತ್ತದೆ. ನೀರಿನ ಪಾತ್ರೆಗೆ ಒದ್ದೆ ಬಟ್ಟೆ ಸುತ್ತಿ ಗಾಳಿಯಾಡುವ ನೆರಳಿನಲ್ಲಿಟ್ಟರೆ ತಂಪಾಗಿರುತ್ತದೆ. ಸೌದೆ ಒಲೆ ಹೂಡುವುದಾದರೆ ಪಾತ್ರೆಯ ತಳದ ಹೊರಮೈಗೆ ನೀರಿನಲ್ಲಿ ಕಲಸಿದ ಬೂದಿಯನ್ನೋ ಮಣ್ಣನ್ನೋ ಮೊದಲೇ ಸವರಬೇಕು. ಮಸಿಯು ಆ ಲೇಪದೊಡನೆ ಸುಲಭವಾಗಿ ಬಿಟ್ಟುಹೋಗುತ್ತದೆ. ಉಣ್ಣಲು ಬಾಳೆಯೆಲೆ, ಮುತ್ತುಗದೆಲೆ ಅಥವಾ ಈ ಸೀಮೆಯಲ್ಲಿ ಹೇರಳವಾದ ಅಡಿಕೆ ಹಾಳೆಯ ತಟ್ಟೆಗಳಿದ್ದರೆ ತೊಳೆಯುವ ಶ್ರಮವಿಲ್ಲ, ಹೊಳೆಗೆ ಸೋಪಿನ ನೊರೆಯೂ ಸೇರದು.

‘ತುಂಗಾಪಾನ, ಗಂಗಾಸ್ನಾನ’ ಎಂಬ ನಾಣ್ಣುಡಿಯನ್ನು ನಂಬಿ ಇಂದು ಹೊಳೆಯ ನೀರನ್ನು ನೇರವಾಗಿ ಕುಡಿಯುವುದು ಸರಿಯಲ್ಲ. ಮೇಲ್ಗಡೆಯ ಊರುಗಳ ಕೊಳೆಯೂ ಅದರಲ್ಲಿ ಬೆರೆತಿರುತ್ತದೆ. ಬಟ್ಟೆಯಲ್ಲಿ ಸೋಸಿ, ಚೆನ್ನಾಗಿ ಕುದಿಸಿ ಆರಿಸಿಯೇ ಕುಡಿಯಬೇಕು.

ಇನ್ನು ಕೆಲಸದ ಹಂಚಿಕೆ. ಹೊರಡುವ ಮುನ್ನವೇ ಯಾರ ಕಾಯಕ ಯಾವುದೆಂದು ನಿಶ್ಚಯವಾಗಲಿ. ನೀರು ತರುವುದು, ಹಾಸು ಹಾಸುವುದು, ಬಡಿಸುವುದು, ಪಾತ್ರೆ ಬೆಳಗುವುದು, ಕಸ ಕಟ್ಟಿ ಊರಿಗೆ ಮರಳಿ ಒಯ್ಯುವುದು, ಇವನ್ನು ಗಂಡಸರೂ ಮಕ್ಕಳೂ ವಹಿಸಿಕೊಳ್ಳತಕ್ಕದ್ದು. ಕನಿಷ್ಠ ಒಂದು ಹೊತ್ತಾದರೂ ಮನೆಯೊಡತಿಗೆ ಇತರರು ಬಡಿಸಬೇಕು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಗಳಲ್ಲಿ ನುಡಿಯುವ ನಾವು ಅದನ್ನು ಮಕ್ಕಳ ಕಣ್ಣೆದುರು ಮಾಡಿ ತೋರಿಸಲು ಇದಕ್ಕಿಂತ ಸುಲಭವಾದ ಅವಕಾಶ ಮತ್ತೊಂದಿಲ್ಲ.

ಎಚ್ಚರಿಕೆಯ ಮಾತುಗಳು

ಮಲೆನಾಡು ಸುಂದರ, ಆದರೆ ಅಜಾಗರೂಕರಿಗೆ ಅಪಾಯಕಾರಿ. ಗಾಜನೂರಿನ ಅಣೆಕಟ್ಟೆಯ ಸಾಮರ್ಥ್ಯ ಕೇವಲ 3.24 ಟಿ.ಎಂ.ಸಿ. ಭದ್ರಾ ಜಲಾಶಯದ್ದಾದರೋ 71.5 ಟಿ.ಎಂ.ಸಿ. ಆದ್ದರಿಂದ ಮಳೆ ಹಿಡಿದೊಡನೆ ಗಾಜನೂರು ಬೇಗನೆ ತುಂಬಿ, ಗೇಟುಗಳನ್ನು ತೆರೆಯಬೇಕಾಗುತ್ತದೆ. ಶಿವಮೊಗ್ಗದಲ್ಲಿ ಬಿಸಿಲಿದ್ದರೂ ತೀರ್ಥಹಳ್ಳಿಯ ಕಡೆ ಸುರಿದ ಮಳೆಗೆ ಇಲ್ಲಿ ಹೊಳೆ ಏರಬಹುದು. ಮಳೆಗಾಲದಲ್ಲಿ ಅಣೆಕಟ್ಟೆಗಳ ಕೆಳಗಿನ ಮರಳದಿಣ್ಣೆ, ಬಂಡೆಗಳ ಮೇಲೆ ಬಿಡಾರ ಹೂಡುವುದಾಗಲಿ, ಮಕ್ಕಳನ್ನು ನೀರಿಗಿಳಿಸುವುದಾಗಲಿ ಸರ್ವಥಾ ಕೂಡದು. ಬೇಸಿಗೆಯಲ್ಲಿಯೂ ಸ್ಥಳೀಯರನ್ನು ಕೇಳದೆ ಇಳಿಯಬಾರದು. ಸಂಗಮಗಳಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸೆಳೆತವಿರುತ್ತದೆ. ಸ್ನಾನಕ್ಕೆ ಇಳಿಯುವ ಭಕ್ತರು ಶಿವದಾರದ ಗಂಟನ್ನು ಮುಟ್ಟಿ ನೋಡಿಕೊಳ್ಳುವುದೂ ಅವಶ್ಯ.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಗುರುತಿಸಲ್ಪಟ್ಟ ಈ ರೋಗವು ಉಣುಗುಗಳ ಕಡಿತದಿಂದ ಹರಡುತ್ತದೆ. ಡಿಸೆಂಬರಿನಿಂದ ಮೇವರೆಗೆ, ಅಂದರೆ ನಾವು ಪ್ರವಾಸಕ್ಕೆ ಹೊರಡುವ ರಜೆಯ ದಿನಗಳಲ್ಲಿಯೇ ಇದರ ಭಯ ಹೆಚ್ಚು. ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಮೈತುಂಬ ಬಟ್ಟೆ ಧರಿಸಿ, ಕೈಕಾಲುಗಳಿಗೆ ಆರೋಗ್ಯ ಇಲಾಖೆಯವರು ಹೇಳುವ ಡೀಪಾ ತೈಲವನ್ನು ಲೇಪಿಸಬೇಕು. ಸತ್ತ ಮಂಗ ಕಂಡರೆ ದೂರ ಸರಿದು ಇಲಾಖೆಗೆ ತಿಳಿಸಬೇಕು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯಬೇಕು. ಮುಂದಿನ ವಾರದಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿ ಬಂದದ್ದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಈ ಒಂದು ಮಾತು ಜೀವ ಉಳಿಸೀತು. ಮಳೆಗಾಲದಲ್ಲಿ ಕಾಡುವ ಇಂಬಳಕ್ಕಾದರೆ ಉಪ್ಪಿನ ಪುಟ್ಟ ಗಂಟು ಸಾಕು. ಒದ್ದೆ ಮಾಡಿ ಮುಟ್ಟಿಸಿದರೆ ತಾನೇ ಕಳಚುತ್ತದೆ.

ಮೂರನೆಯದು ಕಾಯಿದೆ. ಶಿವಮೊಗ್ಗದ ಪಕ್ಕದ ಶೆಟ್ಟಿಹಳ್ಳಿಯು ವನ್ಯಜೀವಿಧಾಮ. ಲಕ್ಕವಳ್ಳಿಯ ಹಿಂದಿನ ಭದ್ರಾ ಅರಣ್ಯವು 1998ರಿಂದ ಹುಲಿ ಸಂರಕ್ಷಿತ ಪ್ರದೇಶ. ಇವುಗಳೊಳಗೆ ಅಪ್ಪಣೆಯಿಲ್ಲದೆ ಹೋಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಕಾಡಾನೆಗಳ ಭಯವೂ ಉಂಟು. ರಾತ್ರಿಯ ಬಿಡಾರಕ್ಕೆ ಬಂಧುಗಳ ಅಡಿಕೆ ತೋಟದ ಕಣ ಅತ್ಯಂತ ಯೋಗ್ಯ. ಅದು ಸಮತಟ್ಟು, ಸ್ವಚ್ಛ. ಬಾವಿ ಹತ್ತಿರ, ಕೂಗಿದರೆ ಓಗೊಡುವ ಮನೆಯೂ ಹತ್ತಿರ.

ಮಠಗಳಲ್ಲಿ ತಂಗಲು ಬಯಸುವವರು ಮುಂಚಿತವಾಗಿ ತಿಳಿಸಿ ಅಪ್ಪಣೆ ಪಡೆಯುವುದು ವಿಹಿತ. ಮಠದ ಪ್ರಸಾದಕ್ಕೆ ಬೆಲೆಯಿಲ್ಲವೆಂಬುದು ನಿಜ. ಹಾಗೆಂದು ಅದು ಬಿಟ್ಟಿ ಊಟವಲ್ಲ. ಒಂದು ಚೀಲ ಅಕ್ಕಿಯನ್ನು ಒಪ್ಪಿಸಲು ಶಕ್ತಿಯಿಲ್ಲದವರು ತರಕಾರಿ ಹೆಚ್ಚಿಕೊಡಬಹುದು, ಅಂಗಳ ಗುಡಿಸಬಹುದು. ದಾಸೋಹವೆಂಬುದು ಪಡೆಯುವುದರಿಂದಷ್ಟೇ ಅಲ್ಲ, ಕೈಲಾದುದನ್ನು ಸಲ್ಲಿಸುವುದರಿಂದ ಪೂರ್ಣವಾಗುತ್ತದೆ.

ಬರುವ ರಜೆಯಲ್ಲಿ ಒಂದು ದಿನವನ್ನು ಇದಕ್ಕಾಗಿ ಮೀಸಲಿಡಿ. ಮನೆಯ ಅಜ್ಜ ಅಜ್ಜಿಯರನ್ನೂ ಬಿಟ್ಟು ಹೋಗಬೇಡಿ; ಬಂಡಿಯ ಕಾಲದ ಬಿಡಾರಗಳ ಅನುಭವವುಳ್ಳವರು ಅವರೇ. ಹಗ್ಗದ ಗಂಟು ಹಾಕುವ ಬಗೆ, ಗಾಳಿಯ ದಿಕ್ಕು ನೋಡಿ ಒಲೆ ಹೂಡುವ ಬಗೆ ಅವರಿಗೆ ಗೊತ್ತು. ಕೇಳುವವರಿದ್ದರೆ ಹೇಳಿಕೊಡಲು ಅವರಿಗೂ ಸಂತೋಷ. ಸದ್ಭಕ್ತರೆಲ್ಲರ ಪ್ರಯಾಣ ಸುಖಕರವಾಗಲಿ.