ಶ್ರೀಲಂಕೆಗೆ ಹೊರಡುವ ಮುನ್ನ

ಶ್ರೀಲಂಕೆಗೆ ಪ್ರವಾಸ ಹೊರಡುವ ಶ್ರಾವಕ ಕುಟುಂಬವು ಪಾಸ್‌ಪೋರ್ಟಿನೊಡನೆ ಆ ದ್ವೀಪದ ಪರಿಚಯವನ್ನೂ ಸಿದ್ಧಪಡಿಸಿಕೊಳ್ಳುವುದು ಉಚಿತ. ಮಳೆಯ ಲೆಕ್ಕ ಸುಲಭ: ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ತೀರ ನೆನೆಯುತ್ತದೆ, ಡಿಸೆಂಬರಿನಿಂದ ಫೆಬ್ರವರಿವರೆಗೆ ಪೂರ್ವ ತೀರ.

ಆಹಾರದ ವಿಷಯ ಅಷ್ಟು ಸರಳವಲ್ಲ. ‘ಉಂಬಲಕಡ’ ಎಂಬ ಒಣಮೀನಿನ ಚೂರನ್ನು ಅಲ್ಲಿ ಕಾಯಿಚಟ್ನಿಯಂತಹ ಸಂಬೋಲಕ್ಕೂ, ಎಷ್ಟೋ ವೇಳೆ ತರಕಾರಿಯ ಪಲ್ಯಕ್ಕೂ ಬೆರೆಸುತ್ತಾರೆ. ಬಡಿಸುವವರು ಅದನ್ನು ಮಸಾಲೆಯೆಂದೇ ಬಗೆಯುವುದುಂಟು. ಆದುದರಿಂದ ‘ಮಾಂಸವಿದೆಯೇ?’ ಎಂದರೆ ಪ್ರಾಮಾಣಿಕವಾಗಿಯೇ ‘ಇಲ್ಲ’ ಎಂಬ ಉತ್ತರ ಬಂದೀತು. ಹೆಸರು ಹಿಡಿದೇ ಕೇಳಬೇಕು; ಕೇಳದೆ ಉಂಡು ಅನಂತರ ಅಡಿಗೆಯವನನ್ನು ದೂರುವುದು ನ್ಯಾಯವಲ್ಲ. ಅದೇ ನಾಡಿನಲ್ಲಿ ಪ್ರತಿ ಹುಣ್ಣಿಮೆಯೂ ‘ಪೋಯ’ ರಜಾದಿನ. ಅಂದು ಮದ್ಯಮಾಂಸಗಳ ಮಾರಾಟ ನಿಷಿದ್ಧ. ಇದನ್ನರಿತವನು ಅಲ್ಲಿನವರನ್ನು ಮೀನಿನ ಚೂರೊಂದರಿಂದಲೇ ಅಳೆಯಲಾರ.

ಅನುರಾಧಪುರಕ್ಕೆ ಹೋಗುವವರು ಇನ್ನೊಂದನ್ನೂ ಓದಿಕೊಂಡಿರಬೇಕು. ಪಾಂಡುಕಾಭಯ ರಾಜನು ಅಲ್ಲಿ ಜೋತಿಯನೆಂಬ ನಿರ್ಗ್ರಂಥನಿಗೆ ವಸತಿ ಕಟ್ಟಿಸಿದನೆಂದು ಬೌದ್ಧರ ‘ಮಹಾವಂಸ’ವೇ ಹೇಳುತ್ತದೆ. ಮುಂದೆ, ಯುದ್ಧದಲ್ಲಿ ಸೋತು ಓಡುತ್ತಿದ್ದ ವಟ್ಟಗಾಮಣಿಯನ್ನು ಕಂಡು ಗಿರಿಯೆಂಬ ನಿರ್ಗ್ರಂಥನು ಕೂಗಿ ಹಂಗಿಸಿದನಂತೆ. ಕ್ರಿ.ಪೂ. 1ನೆಯ ಶತಮಾನದಲ್ಲಿ ರಾಜ್ಯವನ್ನು ಮರಳಿ ಪಡೆದ ಆ ಅರಸನು ನಿರ್ಗ್ರಂಥರ ಆರಾಮವನ್ನು ಕೆಡವಿಸಿ, ಆ ಸ್ಥಳದಲ್ಲಿ ಅಭಯಗಿರಿ ವಿಹಾರವನ್ನು ಕಟ್ಟಿಸಿದನೆಂದೂ ಅದೇ ಗ್ರಂಥದಲ್ಲಿದೆ. ಭಾಷಾಸಮಿತಿಯನ್ನು ಪಾಲಿಸಬೇಕಾದವನೇ ನಾಲಗೆ ಸಡಿಲಬಿಟ್ಟನೆಂಬ ಭಾಗವನ್ನು ಬಿಟ್ಟು ಕೆಡವಿದ್ದನ್ನಷ್ಟೇ ಮಕ್ಕಳಿಗೆ ಹೇಳಿದರೆ ಅದು ಅರ್ಧಸತ್ಯ. ಅಭಯಗಿರಿಯ ಸ್ತೂಪ ಇಂದಿಗೂ ನಿಂತಿದೆ; ಶ್ವೇತವಸ್ತ್ರಧಾರಿಗಳಾದ ಭಕ್ತರು ಬರುತ್ತಾರೆ. ಅವರಂತೆಯೇ ಪಾದರಕ್ಷೆ ಕಳಚಿ, ಬುದ್ಧವಿಗ್ರಹಕ್ಕೆ ಬೆನ್ನುಮಾಡಿ ಭಾವಚಿತ್ರ ತೆಗೆಸಿಕೊಳ್ಳದೆ, ಶ್ರಾವಕನೂ ಪ್ರದಕ್ಷಿಣೆ ಬರಬಹುದು.