ಕಂಟೋನ್ಮೆಂಟಿನ ಮಳೆ, ಶರೀಫಜ್ಜನ ಮಾಳಿಗೆ

ಕಾಶಿ ಎಂದಕೂಡಲೇ ಕಣ್ಣಮುಂದೆ ಬರುವುದು ಘಾಟು, ಗಲ್ಲಿ, ಗಂಗಾರತಿ. ನಾವು ಇಳಿದುಕೊಂಡಿದ್ದ ಕಂಟೋನ್ಮೆಂಟಿನಲ್ಲಿ ಇವು ಯಾವುವೂ ಇಲ್ಲ. ಬ್ರಿಟಿಷರು ತಮ್ಮ ಸೈನ್ಯಕ್ಕೆಂದು ಮಾಡಿಕೊಂಡ ಬಡಾವಣೆ ಇದು. ಅಗಲ ರಸ್ತೆ, ದೊಡ್ಡ ಮರಗಳು, ಹಳೆಯ ಚರ್ಚು, ಈಗ ಹೋಟೆಲುಗಳು. ಪಕ್ಕದ ವಾರಾಣಸಿ ಜಂಕ್ಷನ್ ಕೂಡ ಊರಿನವರ ಬಾಯಲ್ಲಿ ಬರೀ ‘ಕ್ಯಾಂಟ್’.

ಕಳೆದ ಆಗಸ್ಟಿನ ಶಾಲೆಯ ರಜೆಯಲ್ಲಿ ಅವ್ವನಿಗೆ ಕಾಶಿ ತೋರಿಸಲು ಹೋಗಿದ್ದೆವು. ಹಾವೇರಿಯಿಂದ ಅವ್ವ, ಇಂಗ್ಲೆಂಡಿನಿಂದ ನಾನು ಮತ್ತು ಹನ್ನೊಂದು ವರ್ಷದ ಮಗಳು. ಅವ್ವನಿಗೆ ಇಂಗ್ಲಿಷ್ ಬಾರದು. ಮಗಳ ಕನ್ನಡ ‘ಊಟ ಆಯ್ತಾ’ ದಾಟಿ ಮುಂದೆ ಹೋಗುವುದಿಲ್ಲ. ಮೂರು ದಿನ ನಾನೇ ದುಭಾಷಿ. ಅಜ್ಜಿ-ಮೊಮ್ಮಗಳು ಹೀಗೇ ಅಪರಿಚಿತರಾಗಿ ಉಳಿದುಬಿಡುತ್ತಾರೇನೋ ಎಂಬ ಅಳುಕು ನನಗೆ.

ನಾಲ್ಕನೆಯ ದಿನ ಸಂಜೆ ಮಳೆ ಹಿಡಿಯಿತು. ರಸ್ತೆ ಬದಿಯ ಚಹಾ ಅಂಗಡಿಯ ತಾಡಪಾಲಿನ ಕೆಳಗೆ ನಿಂತೆವು. ಅದೂ ಸೋರುತ್ತಿತ್ತು. ಮಣ್ಣಿನ ಕುಡಿಕೆ ಹಿಡಿದ ಅವ್ವ ಮೇಲೆ ನೋಡಿ, ಸೋರುವ ಮನೆಯ ಆ ತತ್ವಪದವನ್ನು ಗುನುಗಿದಳು. ಮಗಳು ತಟ್ಟನೆ ಮುಂದಿನ ಸಾಲು ಹಿಡಿದಳು!

“ಇದು ರಘು ದೀಕ್ಷಿತ್ ಹಾಡು, ಅಜ್ಜಿ.”

“ಯಾರವ್ವಾ ಅಂವಾ? ಇದು ಶರೀಫಜ್ಜಂದು.”

ಇಬ್ಬರದೂ ಸರಿ. ನಮ್ಮ ಕಾರಿನಲ್ಲಿ ಸದಾ ಓಡುವುದು ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ 2008ರ ‘ಅಂತರಾಗ್ನಿ’. ಗಿಟಾರು, ಡ್ರಮ್ಸ್, ಪಿಟೀಲುಗಳ ನಡುವೆ ಶರೀಫರ ಪದ. ನನಗೆ ಶರೀಫರು ಸಿಕ್ಕಿದ್ದು ಸಿ. ಅಶ್ವಥ್ ದನಿಯಲ್ಲಿ, ಕ್ಯಾಸೆಟ್ಟಿನಿಂದ. ಅವ್ವನಿಗೆ ಊರಿನ ಭಜನೆಯಲ್ಲಿ. ಮೂರು ತಲೆಮಾರು, ಮೂರು ದಾಟಿ, ಪದ ಒಂದೇ.

ಇಂಥ ಬೆರಕೆಗೆ ನಮ್ಮ ಇಂಗ್ಲೆಂಡಿನ ಗೆಳೆಯರು ತಕ್ಷಣ ಹೇಳುವ ಹೆಸರು ವ್ಯಾನ್ ಮಾರಿಸನ್. 1945ರಲ್ಲಿ ಬೆಲ್‌ಫಾಸ್ಟಿನಲ್ಲಿ ಹುಟ್ಟಿದ ಹುಡುಗ. ಮನೆಯಲ್ಲಿ ಅಪ್ಪ ಕೂಡಿಟ್ಟ ಅಮೆರಿಕದ ಬ್ಲೂಸ್, ಜಾಝ್ ರೆಕಾರ್ಡುಗಳು. 1968ರ ‘ಆಸ್ಟ್ರಲ್ ವೀಕ್ಸ್’ನಲ್ಲಿ ನ್ಯೂಯಾರ್ಕಿನ ಜಾಝ್ ವಾದಕರ ಜೊತೆ ಹಾಡಿದರೂ ನೆನೆದದ್ದು ತನ್ನೂರಿನ ಬೀದಿಗಳನ್ನು. 1988ರಲ್ಲಿ ಚೀಫ್ಟನ್ಸ್ ತಂಡದೊಡನೆ ಐರಿಶ್ ಜನಪದ ಹಾಡುಗಳಿಗೇ ಮರಳಿದಾಗಲೂ ಗಂಟಲಿನಲ್ಲಿದ್ದದ್ದು ಅದೇ ಸೋಲ್. ಎರಡೂ ಆತನಿಗೆ ಸ್ವಂತದ್ದೇ. ಹೊರಗಿನಿಂದ ತಂದು ಅಂಟಿಸಿದ್ದಲ್ಲ.

ಶರೀಫರೂ (1819–1889) ಹಾಗೆಯೇ. ಮುಸಲ್ಮಾನ ಮನೆಯ ಮಗ, ಕಳಸದ ಗೋವಿಂದ ಭಟ್ಟರ ಶಿಷ್ಯ. ಅವರನ್ನು ಕರ್ನಾಟಕದ ಕಬೀರ ಎನ್ನುತ್ತಾರೆ. ಕಬೀರರು ಕೂಸಾಗಿ ಸಿಕ್ಕರೆಂದು ಜನ ನಂಬುವ ಲಹರ್‌ತಾರಾ ಕೆರೆಯೂ ನಾವು ನಿಂತಲ್ಲಿಂದ ದೂರವಿರಲಿಲ್ಲ. ಅದನ್ನು ಹೇಳಿದಾಗ ಅವ್ವ, “ಹಂಗಾದ್ರ ನಾಳೆ ಅಲ್ಲಿಗೇ ಹೋಗೂಣು” ಎಂದಳು.

ಮಗಳು ಫೋನಿನಲ್ಲಿ ರಘು ಹಾಡಿದ್ದನ್ನು ಕೇಳಿಸಿದಳು. ಅವ್ವ ಪೂರ್ತಿ ಕೇಳಿದಳು. “ಗದ್ದಲ ಜಾಸ್ತಿ ಆತು” ಎಂದಳು. ಆದರೆ ಕಾಲ ಹೆಬ್ಬೆರಳು ತಾಳ ಹಾಕುತ್ತಿತ್ತು. ಆಮೇಲೆ ಮೊಮ್ಮಗಳ ಗಲ್ಲ ಹಿಡಿದು, “ಮಾಲಿಗಿ ಅಲ್ಲವ್ವಾ, ಮಾಳಿಗಿ. ನಾಲಿಗಿ ಮ್ಯಾಲ ಮಡಚು. ಳ... ಳ...”

ಮಳೆ ನಿಲ್ಲುವವರೆಗೂ ಆ ಪಾಠ ನಡೆಯಿತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಇನ್ನೊಂದು ಚಹಾ ಹೇಳಿದೆ.