ಗೇಣಗಲದ ಬೋರು, ಊರಗಲದ ನೀರು

ಮೈಲಾರದ ಕಾರಣಿಕಕ್ಕೆ ಕಿವಿಗೊಟ್ಟು ಮಳೆ-ಬೆಳೆಯ ಲೆಕ್ಕ ಹಾಕುವ ಸೀಮೆ ಇದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ - 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಈ ತಾಲ್ಲೂಕುಗಳಲ್ಲಿ ತುಂಗಭದ್ರೆಯ ದಂಡೆ ದಾಟಿ ಒಳಗೆ ಬಂದರೆ, ಕೆರೆ ಒಣಗಿದ ಮೇಲೆ ಉಳಿಯುವುದು ಎರಡೇ ಆಸರೆ: ಮೇಲೆ ಮೋಡ, ಕೆಳಗೆ ಬೋರು. ಮೋಡ ಯಾರ ಮಾತೂ ಕೇಳುವುದಿಲ್ಲ. ಬೋರಿನ ವಿಚಾರ ಹಾಗಲ್ಲ. ಅದಕ್ಕೊಂದು ಕಾಯಿದೆ ಇದೆ.

ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಒಂದೇ ಚಿಂತೆ. ಹಡಗಲಿಯ ಕಡೆ ಮಲ್ಲಿಗೆ ಗಿಡ ಬಾಡುತ್ತದೆ, ಇದ್ದ ಬೋರು ನೀರಿನ ಬದಲು ಗಾಳಿ ಉಗುಳುತ್ತದೆ. ಮಗನ ಕಾಲೇಜಿನ ಫೀಸಿಗೆಂದು ಎತ್ತಿಟ್ಟ ದುಡ್ಡಿನ ಮೇಲೆ ಅಪ್ಪನ ಕಣ್ಣು ಬೀಳುತ್ತದೆ. ‘ಇದೊಂದು ಸಲ ನೀರು ಬಿದ್ದರೆ ಫೀಸೇನು, ಮಗಳ ಮದುವೆಯೂ ಆದೀತು’ ಎಂಬ ಆಸೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವರು ಬರುತ್ತಾರೆ. ಹಿಂದೆಯೇ ಬೋರ್ ಲಾರಿ. ಬೆಳಗಾಗುವುದರೊಳಗೆ ನೂರಾರು ಅಡಿ. ನೀರು ಬಿದ್ದರೆ ಪೂಜೆ, ಬೀಳದಿದ್ದರೆ ಸಾಲ.

ಈ ಗಡಿಬಿಡಿಯಲ್ಲಿ ಕಾಯಿದೆಯ ನೆನಪು ಯಾರಿಗಾದೀತು? ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡಬಾರದೆಂದು 1999ರಲ್ಲೇ ರಾಜ್ಯ ಕಾನೂನು ಮಾಡಿತು. 2011ರ ಅಂತರ್ಜಲ ಕಾಯಿದೆ ಇನ್ನೂ ಮುಂದೆ ಹೋಗಿ, ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಬೋರಿಗೆ ಅನುಮತಿ ಬೇಕು, ಹಳೆಯದಕ್ಕೆ ನೋಂದಣಿ ಬೇಕು ಎಂದಿತು. ಕೊರೆಯುವ ಹದಿನೈದು ದಿನ ಮೊದಲೇ ತಿಳಿಸಬೇಕು, ಕೈಬಿಟ್ಟ ಬೋರನ್ನು ಮುಚ್ಚಲೇಬೇಕು ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಬಾಯಿ ತೆರೆದ ಬೋರಿನಲ್ಲಿ ಕೂಸುಗಳು ಬಿದ್ದ ಸುದ್ದಿ ಓದಿ ಕಣ್ಣೊರೆಸಿಕೊಂಡವರಿಗೆ ಅದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಅನುಮತಿ ಕೊಡುವುದು ಒಂದು ದಿನದ ಕೆಲಸ. ಆಮೇಲೆ ನೋಡಿಕೊಳ್ಳುವುದು ವರ್ಷವಿಡೀ ಮಾಡಬೇಕಾದದ್ದು. ಕಷ್ಟವಿರುವುದು ಇಲ್ಲೇ. 10 ಅಶ್ವಶಕ್ತಿವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಉಚಿತ. ಅದರಿಂದ ಬಡ ರೈತ ಉಸಿರಾಡಿದ, ನಿಜ. ಆದರೆ ಬಿಲ್ಲೇ ಇಲ್ಲದ ಮೇಲೆ ಮೀಟರು ನೋಡುವವರು ಯಾರು? ಯಾವ ಹೊಲದಿಂದ ಎಷ್ಟು ನೀರು ಮೇಲೆ ಬಂತೆಂಬ ಲೆಕ್ಕ ಊರಿನ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಲೆಕ್ಕ ಸಿಗುವುದು ತಾಲ್ಲೂಕಿನ ಮಟ್ಟದಲ್ಲಿ. ವರ್ಷಕ್ಕೆ ಇಂಗಿ ಬಂದ ನೀರಿನಲ್ಲಿ ತೆಗೆಯಬಹುದಾದಷ್ಟನ್ನು ನೂರು ಎಂದಿಟ್ಟುಕೊಂಡರೆ, ಎಪ್ಪತ್ತರವರೆಗೆ ಬಳಸಿದರೆ ಸುರಕ್ಷಿತ, ತೊಂಬತ್ತು ದಾಟಿದರೆ ಗಂಭೀರ, ನೂರನ್ನೂ ಮೀರಿದರೆ ಅತಿಬಳಕೆ. ಸಂಬಳಕ್ಕಿಂತ ಖರ್ಚು ಹೆಚ್ಚಾದ ಮನೆಯ ಹಾಗೆ. ಈ ಸೀಮೆಯ ತಳವೋ ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕು ನಾಲ್ಕು ಹೊಲಗಳ ಕೆಳಗೆ ಹಾದುಹೋಗಿದ್ದರೆ, ಮೇಲಿನ ಬದುವಿನ ಗುರುತು ಅದಕ್ಕೇನು ಗೊತ್ತು? ಒಬ್ಬನ ತೋಟ ಹಸಿರಾದ ವಾರವೇ ಓಣಿಯ ಕೈಪಂಪು ಕಿರುಗುಟ್ಟುವುದು ಇದಕ್ಕೇ. ಆಮೇಲೆ ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವಳು ಶಾಲೆಗೆ ಹೋಗಬೇಕಾದ ಹುಡುಗಿ.

ರಾತ್ರಿ ಲಾರಿಯ ಸದ್ದು ಊರಿಗೆಲ್ಲ ಕೇಳುತ್ತದೆ. ಆದರೂ ಯಾರೂ ಮಾತೆತ್ತುವುದಿಲ್ಲ. ಅಧಿಕಾರಿಗಳ ಭಯ ಇದಕ್ಕೆ ಕಾರಣವಲ್ಲ, ನೆರೆಯವನ ಮೇಲಿನ ಪ್ರೀತಿಯೂ ಪೂರ್ತಿ ಕಾರಣವಲ್ಲ. ನಾಳೆ ಅದೇ ಲಾರಿ ನಮ್ಮ ಹೊಲಕ್ಕೂ ಬರಬೇಕಲ್ಲ ಎಂಬ ಒಳಲೆಕ್ಕ. ಕಾಯಿದೆ ನಿದ್ದೆ ಮಾಡುವುದು ತಾಲ್ಲೂಕು ಕಚೇರಿಯಲ್ಲಿ ಮಾತ್ರ ಎಂದುಕೊಂಡರೆ ಅರ್ಧ ಸತ್ಯ. ಅದಕ್ಕೆ ಜೋಗುಳ ಹಾಡುವವರು ಊರಿನವರೇ.

ಶಾಲೆಯ ಮಕ್ಕಳು ಇಲ್ಲಿ ದೊಡ್ಡವರಿಗೆ ನೆರವಾಗಬಲ್ಲರು. ಊರಲ್ಲಿ ಎಷ್ಟು ಬೋರು, ಅವುಗಳಲ್ಲಿ ಬತ್ತಿದ್ದೆಷ್ಟು, ಕುಡಿಯುವ ನೀರಿನ ಬೋರಿಗೆ ಯಾವುದು ಎಷ್ಟು ದೂರ - ಮನೆಮನೆ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ದೊಡ್ಡ ವಿದ್ಯೆ ಬೇಕಿಲ್ಲ. ಬಾಯಿ ತೆರೆದ ಬೋರಿನ ಹತ್ತಿರ ಮಾತ್ರ ಸುಳಿಯದೆ, ಅದು ಎಲ್ಲಿದೆಯೆಂದು ಮೇಷ್ಟ್ರಿಗೆ ತಿಳಿಸಿದರೆ ಸಾಕು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಲಿ. ನೋಟಿಸನ್ನು ಮಡಚಿ ಜೇಬಿಗಿಟ್ಟುಕೊಂಡು ಸುಮ್ಮನಾಗಬಹುದು. ‘ಅಪ್ಪಾ, ನಮ್ಮ ಬೋರು ಎಷ್ಟು ಮೀಟರ್ ದೂರ?’ ಎಂದು ಮಗಳೇ ಕೇಳಿದರೆ ಉತ್ತರ ಹೇಳದೆ ವಿಧಿಯಿಲ್ಲ.